ಗುಲ್ಮಾರ್ಗ್ ಸ್ಕೀ, ಫ್ರೆಂಡ್‌ಶಿಪ್ ಪೀಕ್: ಹಿಮಕುಸಿತಕ್ಕೆ ಊರಲ್ಲೇ ಎಷ್ಟು ತಯಾರಿ ಮಾಡಬಹುದು?

ಮುಳಿಪದವು

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ನಾವು ಆರು ಜನ ಫೆಬ್ರವರಿ ಕೊನೆಗೆ ಗುಲ್ಮಾರ್ಗ್‌ಗೆ ಹೊರಡುವುದೆಂದು ಆಗಿದೆ. ಎಲ್ಲರೂ ಸ್ಕೀ ಕೋರ್ಸ್ ಮುಗಿಸಿದವರು, ಆದರೆ ಇದುವರೆಗೆ ಪ್ಯಾಟ್ರೋಲ್ (ಕಾವಲು ತಂಡ) ಇರುವ ಜಾಗದ ಒಳಗೇ ಮಾಡಿದ್ದು. ಈ ಸಲ ಗೊಂಡೋಲಾದ (ಕೇಬಲ್ ಕಾರ್) ಎರಡನೇ ಹಂತದಿಂದ ಮೇಲಕ್ಕೆ ಹೋಗಿ ಅಫರ್ವಾಟ್ ಬೆಟ್ಟದ ಏಣಿನಿಂದ (ತುದಿಯ ಉದ್ದ ಗೆರೆಯಿಂದ) ಹೊರಗಿನ ಇಳಿಜಾರುಗಳಿಗೆ ಇಳಿಯುವ ಆಸೆ. ಸ್ಥಳೀಯ ಗೈಡ್ ಒಬ್ಬರ ಹತ್ತಿರ ಮಾತಾಗಿದೆ. ನಮ್ಮಲ್ಲಿ ಇಬ್ಬರು ಮೇ ತಿಂಗಳಲ್ಲಿ ಮನಾಲಿ ಹತ್ತಿರದ ಫ್ರೆಂಡ್‌ಶಿಪ್ ಪೀಕ್ (5,289 ಮೀ.) ಕೂಡ ಹತ್ತುವವರಿದ್ದಾರೆ.

ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ. ಬೀಕನ್ (ಹೂತವರನ್ನು ಹುಡುಕುವ ಯಂತ್ರ), ಪ್ರೋಬ್ (ಹಿಮದೊಳಗೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಅಲ್ಲಿಯೇ ಬಾಡಿಗೆಗೆ ತೆಗೆದುಕೊಂಡರೆ ಸಾಕಾ? ಏರ್‌ಬ್ಯಾಗ್ (ಹಿಡಿ ಎಳೆದರೆ ಉಬ್ಬುವ ಗಾಳಿಚೀಲ) ಇರುವ ಬ್ಯಾಗು ತುಂಬ ದುಬಾರಿ, ಅದು ಬೇಕೇ ಬೇಕಾ? ಎಚ್ಚರಿಕೆಯ ಬುಲೆಟಿನ್‌ನಲ್ಲಿ "ಮಧ್ಯಮ" ಅಂತ ಇದ್ದರೆ ಹೋಗಬಹುದು ಅಂತ ಅರ್ಥವಾ? ಹಿಮವೇ ಇಲ್ಲದ ನಮ್ಮ ಊರಿನಲ್ಲಿ ಅಭ್ಯಾಸ ಮಾಡುವ ದಾರಿ ಏನಾದರೂ ಉಂಟಾ? ಇನ್ನೊಂದು: ಸಿಯಾಚಿನ್‌ನಲ್ಲಿ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿಯಲ್ಲಿ ಬದುಕಿದ್ದರಲ್ಲ, ಹಾಗಾಗಿ ಸೇನೆಯವರು ಬರುವವರೆಗೆ ಕಾಯಬಹುದು ಅಂತ ನಮ್ಮಲ್ಲೊಬ್ಬ ಗಟ್ಟಿಯಾಗಿ ವಾದಿಸ್ತಾನೆ. ಅವನಿಗೆ ಏನು ಹೇಳಲಿ?

ಏಣುದಾರಿ

ಸಾಮಾನಿನ ಪಟ್ಟಿ ಆಮೇಲೆ. ಮೊದಲು ಕೋನ ನೋಡಲು ಕಲಿಯಿರಿ.

ಜನರನ್ನು ಕೊಲ್ಲುವ ಹಿಮಕುಸಿತಗಳಲ್ಲಿ ಹೆಚ್ಚಿನವು ಸ್ಲ್ಯಾಬ್ ಜಾತಿಯವು. ಮೇಲೆ ಒಂದಕ್ಕೊಂದು ಅಂಟಿಕೊಂಡ ಗಟ್ಟಿ ಹಿಮದ ಪದರ, ಅದರಡಿ ಹಿಡಿತವಿಲ್ಲದ ದುರ್ಬಲ ಪದರ. ನಿಮ್ಮ ಭಾರಕ್ಕೆ ಒಳಗಿನ ಪದರ ಕುಸಿದು ಆ ಬಿರುಕು ಅಡ್ಡಕ್ಕೆ ಓಡುತ್ತದೆ, ಮೇಲಿನ ಪದರ ಇಡಿಯಾಗಿ ಕಳಚಿಕೊಂಡು ಜಾರುತ್ತದೆ. ಇದಕ್ಕೆ ಸಾಮಾನ್ಯವಾಗಿ 30ರಿಂದ 45 ಡಿಗ್ರಿ ಇಳಿಜಾರು ಬೇಕು, 38ರ ಆಸುಪಾಸು ಅತಿ ಕೆಟ್ಟದು. ಸ್ಕೀ ಮಾಡುವವರಿಗೆ ಅತಿ ಖುಷಿ ಕೊಡುವ ಇಳಿಜಾರು ಕೂಡ ಇದೇ. 30ಕ್ಕಿಂತ ಕಡಿಮೆ ಇರುವಲ್ಲಿ, ತಲೆಯ ಮೇಲೆ ಕಡಿದಾದ ಜಾಗ ಏನೂ ಇಲ್ಲದೆ ಹೋದರೆ, ಉಳಿದ ಲೆಕ್ಕದಲ್ಲಿ ಸ್ವಲ್ಪ ತಪ್ಪಿದರೂ ಬದುಕಿ ಬರ್ತೀರಿ. ಎರಡನೇ ಷರತ್ತನ್ನು ಜನ ಮರೆಯುತ್ತಾರೆ. ನೀವು ನಿಂತ ಜಾಗ 20 ಡಿಗ್ರಿ ಇದ್ದರೂ ಮೇಲಿನ 38 ಡಿಗ್ರಿ ಕಳಚಿದರೆ ಅದು ನಿಮ್ಮ ಮೇಲೆಯೇ ಬರ್ತದೆ. ಚಪ್ಪಟೆ ಜಾಗದಲ್ಲಿ ನಿಂತವರ ಭಾರಕ್ಕೂ ಬಿರುಕು ಮೇಲಕ್ಕೆ ಓಡಿ ಇಳಿಜಾರನ್ನು ಕಳಚಬಹುದು.

ಊರಲ್ಲಿ ಕೂತು ಈಗಲೇ ಮಾಡಬಹುದಾದ ಕೆಲಸ: ಗೈಡ್ ಹೇಳುವ ಪ್ರತಿ ಇಳಿಯುವ ದಾರಿಯನ್ನೂ ಇಳಿಜಾರಿನ ಬಣ್ಣ ತೋರಿಸುವ ನಕ್ಷೆಯಲ್ಲಿ ಗುರುತಿಸಿ. ಒಂದು ಎಚ್ಚರಿಕೆ ಉಂಟು. ಹಿಮಾಲಯಕ್ಕೆ ಸಿಗುವ ಉಚಿತ ಎತ್ತರದ ಮಾಹಿತಿ ಹೆಚ್ಚಾಗಿ 30 ಮೀಟರ್ ಚೌಕದ್ದು. ಹದಿನೈದಿಪ್ಪತ್ತು ಮೀಟರ್‌ನ ಗಿಡ್ಡ ಕಡಿದಾದ ಮಡಿಕೆ ಅದರಲ್ಲಿ ಕಾಣುವುದೇ ಇಲ್ಲ, ಸರಾಸರಿಯಲ್ಲಿ ಮುಚ್ಚಿಹೋಗ್ತದೆ. ನಕ್ಷೆ 28 ತೋರಿಸಿದಲ್ಲಿ ನಿಜವಾಗಿ 35 ಇರಬಹುದು. ಆದ್ದರಿಂದ ಸ್ಥಳದಲ್ಲಿ ಮತ್ತೆ ಅಳೆಯಬೇಕು. ಸ್ಕೀ ಕೋಲನ್ನು ಇಳಿಜಾರಿನ ಉದ್ದಕ್ಕೆ ಹಿಮದ ಮೇಲೆ ಮಲಗಿಸಿ, ಅದರ ಮೇಲೆ ಫೋನಿನ ಅಂಚು ಇಟ್ಟು ಕೋನ ಓದಿ. ಫೋನನ್ನು ನೇರ ಹಿಮದ ಮೇಲಿಟ್ಟರೆ ಅಂಗೈಯಗಲದ ಉಬ್ಬುತಗ್ಗಿನ ಲೆಕ್ಕ ಬರ್ತದೆ, ಇಳಿಜಾರಿನದ್ದಲ್ಲ.

ನಂತರ ಕೆಳಗೆ ಏನುಂಟು ಅಂತ ನೋಡಿ. ಹಿಮ ನಿಮ್ಮನ್ನು ಎಲ್ಲಿಗೆ ಒಯ್ಯುತ್ತದೆ? ಅಗಲವಾದ ಬಯಲಿಗೆ ಹರಡಿದರೆ ಮೇಲ್ಗಡೆಯೇ ಉಳಿಯುವ ಸಂಭವ ಉಂಟು. ಕಿರಿದಾದ ಕೊರಕಲಿಗೆ, ತೋಡಿನ ಪಾತ್ರಕ್ಕೆ ಬಂದು ಬಿದ್ದರೆ ಸಣ್ಣ ಕುಸಿತವೂ ಎರಡು ಮೂರು ಮೀಟರ್ ಆಳಕ್ಕೆ ಹೂಳುತ್ತದೆ. ಮರ, ಬಂಡೆಗೆ ಬಡಿದರೆ ಹೂಳುವ ಮೊದಲೇ ಪೆಟ್ಟಿನಿಂದ ಜೀವ ಹೋಗಬಹುದು.

ಅಫರ್ವಾಟ್ ಬಗ್ಗೆ. ಗೊಂಡೋಲಾ ನಿಮ್ಮನ್ನು ಸುಮಾರು 3,980 ಮೀಟರ್‌ಗೆ ಬಿಡ್ತದೆ. ಪ್ಯಾಟ್ರೋಲ್‌ನವರು ನೋಡಿಕೊಳ್ಳುವುದು ಅದರ ಸುತ್ತಲಿನ ಒಂದು ಭಾಗವನ್ನು ಮಾತ್ರ. ಗುರುತಿನ ಹಗ್ಗದ ಆಚೆ ಕಾಲಿಟ್ಟರೆ ಅದು ಪೂರ್ತಿ ಕಾಡುಹಿಮ, ಗೊಂಡೋಲಾ ಹತ್ತಿರ ಇದ್ದ ಮಾತ್ರಕ್ಕೆ ಸುರಕ್ಷಿತವಲ್ಲ. 2023ರ ಫೆಬ್ರವರಿ 1ರಂದು ಅಲ್ಲಿಯ ಹಪಥ್‌ಖುಡ್‌ನಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿ 22ರಂದು ರಷ್ಯಾದ ಒಬ್ಬರು ಹಿಮಕುಸಿತದಲ್ಲಿ ತೀರಿಕೊಂಡರು. 2010ರ ಫೆಬ್ರವರಿ 8ರಂದು ಖಿಲನ್‌ಮರ್ಗ್‌ನಲ್ಲಿ ಸೇನೆಯ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್‌ನ 17 ಸೈನಿಕರು ಹೋದರು. ಎಲ್ಲವೂ ಫೆಬ್ರವರಿ ಅನ್ನುವುದನ್ನು ಗಮನಿಸಿ. ಡಿಸೆಂಬರ್ 21ರಿಂದ 40 ದಿನದ ಚಿಲ್ಲೈ ಕಲಾನ್‌ನಲ್ಲಿ ಕೊರೆಯುವ ಚಳಿ. ಆಗ ಹಿಮ ತೆಳ್ಳಗಿದ್ದು ಆಕಾಶ ತಿಳಿಯಾಗಿದ್ದರೆ ಒಳಗಿನ ಪದರ ಕೊಳೆಯುತ್ತದೆ. ನೆಲದ ಹತ್ತಿರ ಸೊನ್ನೆ ಡಿಗ್ರಿ, ಮೇಲ್ಮೈಯಲ್ಲಿ ಮೈನಸ್ ಹದಿನೈದು. ಪ್ರತಿ 10 ಸೆಂ.ಮೀ.ಗೆ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಹಿಮದ ಕಣಗಳು ಬೆಸುಗೆ ಬಿಟ್ಟು ಮೂಲೆಮೂಲೆಯ ಹರಳಾಗ್ತವೆ. ಕೈಯಲ್ಲಿ ಹಿಡಿದರೆ ಉಂಡೆ ಕಟ್ಟುವುದಿಲ್ಲ, ಕಲ್ಲುಪ್ಪಿನ ಹಾಗೆ ಬೆರಳ ಸಂದಿಯಿಂದ ಉದುರ್ತದೆ. ಫೆಬ್ರವರಿಯ ದೊಡ್ಡ ಹಿಮ ಬಂದು ಕೂರುವುದು ಇದರ ಮೇಲೆ. ಉತ್ತರಕ್ಕೆ ಮುಖ ಮಾಡಿದ, ಬಿಸಿಲು ಕಾಣದ ಇಳಿಜಾರಿನಲ್ಲಿ ಈ ಪದರ ವಾರಗಟ್ಟಲೆ ಹಾಗೆಯೇ ಉಳಿಯುತ್ತದೆ.

ಆರು ಜನ ಒಟ್ಟಿಗೆ ಬೇಡ. ಗೈಡ್ ಜೊತೆ ಮೂವರು ಅಥವಾ ನಾಲ್ವರು ಸಾಕು. ಅಪಾಯದ ಇಳಿಜಾರಿನಲ್ಲಿ ಒಮ್ಮೆಗೆ ಒಬ್ಬರೇ ಇಳಿಯಬೇಕು, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ಕಣ್ಣು ಕೀಳದೆ ನೋಡಬೇಕು. ಆರು ಜನ ಆದರೆ ಮೇಲೆ ಚಳಿಯಲ್ಲಿ ಕಾದು ಬೇಸತ್ತು ಕೊನೆಗೆ ಇಬ್ಬಿಬ್ಬರಾಗಿ ಹೊರಡ್ತಾರೆ.

ತೋಡಿನಕರೆ

ಸಾಮಾನಿನ ವಿಷಯ ನಾನು ಹೇಳ್ತೇನೆ.

ಬೀಕನ್ ಅಂದರೆ 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳಿಸುವ, ಹುಡುಕುವ ಯಂತ್ರ. ಯಾವ ಕಂಪನಿಯದ್ದಾದರೂ ಒಂದಕ್ಕೊಂದು ಹೊಂದುತ್ತದೆ. ಮೂರು ಆಂಟೆನಾ ಇರುವುದೇ ಬೇಕು, ಹಳೆಯ ಒಂಟಿ ಆಂಟೆನಾದ್ದು ಬಾಡಿಗೆಗೆ ಕೊಟ್ಟರೆ ವಾಪಸು ಕೊಡಿ. ಬಾಡಿಗೆ ತಪ್ಪಲ್ಲ, ಆದರೆ ಹೊರಡುವ ದಿನ ಬೆಳಿಗ್ಗೆ ಮೊದಲ ಸಲ ಕೈಗೆ ಬರುವ ಬೀಕನ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಕೈಗೆ ಸಿಕ್ಕಿದ ಕೂಡಲೇ ಬ್ಯಾಟರಿ ಕೋಣೆ ತೆರೆದು ನೋಡಿ. ಸ್ಪ್ರಿಂಗ್‌ನಲ್ಲಿ ಬಿಳಿ ಅಥವಾ ಹಸಿರು ಪುಡಿ ಕಂಡರೆ ಬೇಡ ಅನ್ನಿ. ಆಮೇಲೆ ಒಂದನ್ನು ಕಳಿಸುವುದರಲ್ಲಿ ನೆಲದ ಮೇಲಿಟ್ಟು, ಇನ್ನೊಂದನ್ನು ಹುಡುಕುವುದರಲ್ಲಿಟ್ಟು ದೂರದಿಂದ ನಡೆದು ಬನ್ನಿ. 30 ಮೀಟರ್ ಒಳಗೆ ಬಂದರೂ ಹಿಡಿಯದಿದ್ದರೆ ಅದನ್ನು ನಂಬಬೇಡಿ. ಬ್ಯಾಟರಿ ಹೊಸ ಆಲ್ಕಲೈನ್, ಎಲ್ಲ ಒಂದೇ ಪ್ಯಾಕೆಟ್‌ನದ್ದು. ಚಾರ್ಜ್ ಮಾಡುವ ಬ್ಯಾಟರಿ ಬೇಡ. ಅದರ ವೋಲ್ಟೇಜ್ ಕೊನೆಯವರೆಗೆ ಒಂದೇ ಸಮ ಇದ್ದು ಥಟ್ಟನೆ ಬೀಳ್ತದೆ, ಪರದೆಯ ಶೇಕಡಾ ಲೆಕ್ಕ ಸುಳ್ಳಾಗ್ತದೆ. ಸ್ವಂತದ್ದು ಕೊಂಡರೆ ಸೀಸನ್ ಮುಗಿದ ಕೂಡಲೇ ಬ್ಯಾಟರಿ ತೆಗೆದಿಡಿ, ನಮ್ಮ ಮಳೆಗಾಲದ ತೇವಕ್ಕೆ ಒಂದೇ ವರ್ಷದಲ್ಲಿ ತುಕ್ಕು ಹಿಡಿಯುತ್ತದೆ.

ಫೋನ್, ಆ್ಯಕ್ಷನ್ ಕ್ಯಾಮರಾ, ಬಿಸಿ ಮಾಡುವ ಕೈಗವಸು, ಜಾಕೆಟ್ಟಿನ ಆಯಸ್ಕಾಂತದ ಗುಂಡಿ, ಎಲ್ಲ ಬೀಕನ್‌ಗೆ ತೊಂದರೆ. ಕಳಿಸುವಾಗ ಕನಿಷ್ಠ 20 ಸೆಂ.ಮೀ., ಹುಡುಕುವಾಗ 50 ಸೆಂ.ಮೀ. ದೂರ ಇರಬೇಕು. ಬೀಕನ್ ಎದೆಯ ಪಟ್ಟಿಯಲ್ಲಿ, ಫೋನ್ ಪ್ಯಾಂಟಿನ ಕಿಸೆಯಲ್ಲಿ, ಏರೋಪ್ಲೇನ್ ಮೋಡ್‌ನಲ್ಲಿ.

ಪ್ರೋಬ್ 240 ಸೆಂ.ಮೀ. ಕಡಿಮೆಯೆಂದರೆ, ಸಾಧ್ಯವಾದರೆ 300. ಸಲಿಕೆಯ ಅಲಗು ಲೋಹದ್ದೇ ಆಗಬೇಕು. ಕುಸಿದು ನಿಂತ ಹಿಮ ಕೈಯಿಂದ ಕೆದಕಲೂ ಬಾರದಷ್ಟು ಬಿಗಿ, ಪ್ಲಾಸ್ಟಿಕ್ ಅಲಗು ಮೊದಲ ಹೊಡೆತಕ್ಕೆ ಬಾಗುತ್ತದೆ ಅಥವಾ ಸೀಳುತ್ತದೆ. ಈ ಮೂರೂ ಪ್ರತಿಯೊಬ್ಬರ ಮೈಮೇಲೂ ಬೇಕು. ಗೈಡ್ ಹತ್ತಿರ ಒಂದು ಸೆಟ್ ಉಂಟು ಅಂತ ಸಮಾಧಾನ ಪಟ್ಟುಕೊಂಡರೆ, ಹೂತುಹೋದವ ಗೈಡ್ ಆದಾಗ ಏನು ಮಾಡ್ತೀರಿ?

ಏರ್‌ಬ್ಯಾಗ್: ಹಿಮದಲ್ಲಿ ಗಂಭೀರವಾಗಿ ಸಿಕ್ಕಿಕೊಂಡವರ ಅಂಕಿ ಅಂಶ ನೋಡಿದರೆ, ಉಬ್ಬಿದ ಏರ್‌ಬ್ಯಾಗ್ ಸಾವನ್ನು ಶೇಕಡಾ 22ರಿಂದ 11ಕ್ಕೆ ಇಳಿಸಿದೆ. ದೊಡ್ಡ ಲಾಭವೇ. ಆದರೆ ಹಿಡಿ ಎಳೆಯಲು ನೆನಪಾಗಬೇಕು, ಕೊರಕಲಿನಲ್ಲಿ ಮತ್ತು ಮರಗಳ ನಡುವೆ ಪ್ರಯೋಜನ ಕಡಿಮೆ. ಅನಿಲದ ಸಿಲಿಂಡರ್ ಇರುವುದಾದರೆ ವಿಮಾನದವರ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ, ಇಲ್ಲಾಂದರೆ ಭದ್ರತಾ ತಪಾಸಣೆಯಲ್ಲಿ ಅದು ಅಲ್ಲೇ ಉಳಿಯುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಹಣ ಒಂದಕ್ಕೆ ಮಾತ್ರ ಉಂಟು ಅಂತಾದರೆ ಮೂರು ದಿನದ ಹಿಮಕುಸಿತ ಸುರಕ್ಷತೆಯ ಕೋರ್ಸಿಗೆ ಹಾಕಿ.

ಇನ್ನು ಊರಲ್ಲಿ ಅಭ್ಯಾಸ. ಇದು ನಿಜವಾಗಿ ಆಗ್ತದೆ. ಮುಳಿಹುಲ್ಲಿನ ಪದವು (ಬಯಲು) ಒಳ್ಳೆಯ ಜಾಗ, ಆದರೆ ಕರೆಂಟಿನ ಲೈನು, ಪಂಪ್‌ಸೆಟ್ಟಿನ ವಯರು, ತಂತಿಬೇಲಿಯಿಂದ ದೂರ ಹೋಗಿ. ಅದರ ಹತ್ತಿರ ಇಲ್ಲದ ಸಂಕೇತ ತೋರಿಸ್ತದೆ. ಕಡಪ್ಪುರಕ್ಕೆ (ಸಮುದ್ರತೀರಕ್ಕೆ) ಹೋಗುವುದಾದರೆ ಒಣ ಮರಳಿನಲ್ಲಿ ಮಾಡಿ. ಉಪ್ಪುನೀರು ಹೀರಿದ ಮರಳು ಸಂಕೇತವನ್ನು ನುಂಗಿ ದೂರವನ್ನು ತಪ್ಪು ತೋರಿಸ್ತದೆ. ಕಳಿಸುವುದರಲ್ಲಿಟ್ಟ ಬೀಕನ್ನನ್ನು ಊಟದ ಡಬ್ಬದಲ್ಲಿ ಹಾಕಿ (ಸ್ಟೀಲಿನದ್ದಲ್ಲ, ಪ್ಲಾಸ್ಟಿಕ್), ಅದನ್ನು ತೆಂಗಿನ ನಾರು ತುಂಬಿದ ಗೋಣಿಯೊಳಗೆ ಇಟ್ಟು ದೊಡ್ಡ ಸೊಪ್ಪಿನ ರಾಶಿಯಡಿ ಹೂಳಿ. ಎಲ್ಲಿ ಅಂತ ಹುಡುಕುವವನಿಗೆ ಗೊತ್ತಿರಬಾರದು.

ಹುಡುಕುವ ಕ್ರಮ: ಬಿದ್ದವ ಕೊನೆಗೆ ಕಂಡ ಜಾಗ ಗುರುತು ಮಾಡಿ. ಮೇಲಿನಿಂದ ಇನ್ನೊಂದು ಬರುವ ಹಾಗುಂಟಾ ಅಂತ ನೋಡಿ. ಒಬ್ಬ ನಾಯಕ. ಹೊರಗಿರುವ ಎಲ್ಲರ ಬೀಕನ್ನೂ ಹುಡುಕುವುದಕ್ಕೆ ತಿರುಗಬೇಕು, ಒಬ್ಬ ಮರೆತರೂ ಎಲ್ಲರೂ ಅವನ ಹತ್ತಿರವೇ ಓಡಿ ಬರ್ತಾರೆ. ಒಬ್ಬನೇ ಹುಡುಕುವುದಾದರೆ ಕುಸಿತದ ಅಂಚಿನಿಂದ 20 ಮೀಟರ್ ಒಳಗೆ, 40 ಮೀಟರ್ ಅಂತರದ ಹಾವುನಡೆಯಲ್ಲಿ ಇಳಿಯಬೇಕು. ಕಣ್ಣು ಹಿಮದ ಮೇಲೆ, ಕಿವಿ ಬೀಕನ್ ಮೇಲೆ: ಕೈಗವಸು, ಸ್ಕೀ ತುದಿ ಮೇಲೆಯೇ ಕಾಣಬಹುದು. ಸಂಕೇತ ಸಿಕ್ಕಿದ ಮೇಲೆ ಬಾಣದ ದಿಕ್ಕಿಗೆ. ಪರದೆಯಲ್ಲಿ 10 (ಮೀಟರ್) ಅಂತ ಬಂದರೆ ನಿಧಾನ. 3 ಅಂತ ಬಂದರೆ ಮೊಣಕಾಲೂರಿ ಬೀಕನ್ನನ್ನು ಹಿಮಕ್ಕೆ ತಾಗಿಸಿ ಹಿಡಿಯಿರಿ. ಅಲ್ಲಿಂದ ಮುಂದೆ ಅದನ್ನು ತಿರುಗಿಸಬಾರದು. ಉದ್ದಕ್ಕೆ ಸರಿಸಿ ಅತಿ ಕಡಿಮೆ ಸಂಖ್ಯೆ ಹುಡುಕಿ, ಅಲ್ಲಿಂದ ಅಡ್ಡಕ್ಕೆ ಸರಿಸಿ ಮತ್ತೆ ಅತಿ ಕಡಿಮೆ ಸಂಖ್ಯೆ. ಕಲಿಯುವವರು ಸೋಲುವುದು ಇಲ್ಲಿಯೇ, ಕೈ ನಡುಗಿ ಮಣಿಕಟ್ಟು ತಿರುಗಿ ಸಂಖ್ಯೆ ಕುಣಿಯುತ್ತದೆ.

ಆ ಬಿಂದುವಿನಿಂದ ಸುರುಳಿಯಾಗಿ 25 ಸೆಂ.ಮೀ. ಅಂತರದಲ್ಲಿ ಪ್ರೋಬ್ ಇಳಿಸಿ, ಹಿಮದ ಮೇಲ್ಮೈಗೆ ಲಂಬವಾಗಿ, ಆಕಾಶಕ್ಕೆ ನೇರವಾಗಿ ಅಲ್ಲ. ನೆಲ ತಾಗಿದರೆ ಟಕ್ ಅಂತ ಗಟ್ಟಿ, ಮನುಷ್ಯ ಆದರೆ ಮೆತ್ತಗೆ ಹಿಂದೆ ಚಿಮ್ಮುತ್ತದೆ. ನಾರಿನ ಗೋಣಿಯಲ್ಲಿ ಇದೇ ಅನುಭವ ಸಿಗ್ತದೆ, ಅದಕ್ಕೇ ಹೇಳಿದ್ದು. ತಾಗಿದ ಪ್ರೋಬ್ ಹೊರಗೆ ತೆಗೆಯಬೇಡಿ. ಪ್ರೋಬ್‌ನ ಗುರುತಿನಿಂದ ಆಳ ಓದಿ, ಅದರ ಒಂದೂವರೆ ಪಟ್ಟು ದೂರ ಕೆಳಗಡೆಗೆ ಹೋಗಿ ಅಲ್ಲಿಂದ ಅಗೆಯಲು ಶುರು ಮಾಡಿ. ನೇರ ಮೇಲಿನಿಂದ ಗುಂಡಿ ತೋಡಿದರೆ ಅವನ ಉಸಿರಿಗೆ ಉಳಿದ ಜಾಗವನ್ನೂ ನೀವೇ ತುಳಿದು ಮುಚ್ಚುತ್ತೀರಿ. ಮುಂದೆ ಒಬ್ಬ ಕತ್ತರಿಸುವುದು, ಹಿಂದಿನವರು ಹಿಮವನ್ನು ಎತ್ತಿ ಹಾಕದೆ ಹುಟ್ಟು ಹಾಕಿದಂತೆ ಹಿಂದಕ್ಕೆ ತಳ್ಳುವುದು. ಮುಂದಿನವ ದಣಿಯುವ ಮೊದಲೇ ಬದಲಾಯಿಸಿ. ಒಟ್ಟು ಸಮಯದಲ್ಲಿ ಹೆಚ್ಚಿನ ಪಾಲು ಹೋಗುವುದು ಅಗೆಯುವುದಕ್ಕೆ, ಬೀಕನ್‌ಗೆ ಅಲ್ಲ. ಆದರೆ ಜನ ಅಭ್ಯಾಸ ಮಾಡುವುದು ಬೀಕನ್ ಮಾತ್ರ.

ತಲೆ ಸಿಕ್ಕಿದ ಕೂಡಲೇ ಬಾಯಿ ಮೂಗಿನ ಹಿಮ ತೆಗೆಯಿರಿ, ಎದೆಯ ಮೇಲಿನ ಭಾರ ತೆಗೆಯಿರಿ. ಉಸಿರಿಲ್ಲದಿದ್ದರೆ ಮೊದಲು ಐದು ಸಲ ಉಸಿರು ಕೊಟ್ಟು, ನಾಡಿಯ ಸುಳಿವೂ ಇಲ್ಲದಿದ್ದರೆ 30ಕ್ಕೆ 2ರ ಲೆಕ್ಕದಲ್ಲಿ ಎದೆ ಒತ್ತಲು ಶುರು. ಪೂರ್ತಿ ಹೊರಗೆ ಎಳೆಯುವವರೆಗೆ ಕಾಯಬೇಡಿ.

ಅಡೂರಿನ ಮಾಷ್

ನಿಮ್ಮ ಸ್ನೇಹಿತನ ವಾದಕ್ಕೆ ಉತ್ತರ. ಇದನ್ನು ಅವರಿಗೆ ಓದಿ ಹೇಳಿ.

ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಸೋನಮ್ ಪೋಸ್ಟ್ ಮೇಲೆ ಹಿಮ ಕುಸಿದದ್ದು 2016ರ ಫೆಬ್ರವರಿ 3ರಂದು, ಸುಮಾರು 19,600 ಅಡಿ ಎತ್ತರದಲ್ಲಿ. ಅವರೊಂದಿಗೆ ಇದ್ದ ಒಂಬತ್ತು ಮಂದಿಯೂ ತೀರಿಕೊಂಡರು. ಅವರು ಸಿಕ್ಕಿದ್ದು 8ರ ರಾತ್ರಿ, ಇಪ್ಪತ್ತೈದು ಅಡಿಗೂ ಹೆಚ್ಚು ಆಳದಲ್ಲಿ. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ 11ರಂದು ಅವರೂ ಹೋದರು. ಅಷ್ಟು ದಿನ ಜೀವ ಹಿಡಿದದ್ದಕ್ಕೆ ಕಾರಣ ಅವರಿದ್ದ ಡೇರೆಯೊಳಗೆ ಉಳಿದ ಗಾಳಿಯ ಪೊಟರೆ. 2025ರ ಫೆಬ್ರವರಿ 28ರಂದು ಬದರಿನಾಥದ ಹತ್ತಿರ ಮಾಣಾದಲ್ಲಿ ರಸ್ತೆ ಕೆಲಸಗಾರರ ಶಿಬಿರದ ಮೇಲೆ ಹಿಮ ಬಂದಾಗ 54 ಜನರಲ್ಲಿ 46 ಮಂದಿ ಬದುಕಿ ಬಂದರು, ಅಲ್ಲಿಯೂ ಹಲವರನ್ನು ಕಾಪಾಡಿದ್ದು ಅವರು ಮಲಗಿದ್ದ ಕಬ್ಬಿಣದ ಕಂಟೇನರ್.

ಸ್ಕೀ ಮಾಡುವವನ ಸುತ್ತ ಡೇರೆಯೂ ಇಲ್ಲ, ಕಂಟೇನರೂ ಇಲ್ಲ. ಹಿಮ ನಿಂತ ಕೂಡಲೇ ಮುಖಕ್ಕೆ ಒತ್ತಿಕೊಂಡಿರುತ್ತದೆ. ಅವನದ್ದೇ ಬಿಸಿಯುಸಿರು ಮುಖದ ಎದುರಿನ ಹಿಮವನ್ನು ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿ ಮಂಜುಗಡ್ಡೆಯ ಪೊರೆ ಮಾಡುತ್ತದೆ, ಆಮೇಲೆ ಒಳಗೆ ಬರುವುದು ತಾನೇ ಬಿಟ್ಟ ಗಾಳಿ ಮಾತ್ರ. ಪೂರ್ತಿ ಹೂತವರಲ್ಲಿ ಮೊದಲ 15 ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಬದುಕುತ್ತಾರೆ. 35 ನಿಮಿಷ ಆದರೆ ಮೂವರಲ್ಲಿ ಒಬ್ಬ. ಈಚಿನ ಲೆಕ್ಕಗಳು ಮೊದಲ ಅವಧಿಯನ್ನು 10 ನಿಮಿಷಕ್ಕೆ ಇಳಿಸಿವೆ. ಸೇನೆ, ಎಸ್‌ಡಿಆರ್‌ಎಫ್ (ರಾಜ್ಯದ ವಿಪತ್ತು ಪಡೆ), ಪ್ಯಾಟ್ರೋಲ್ ಎಷ್ಟೇ ಓಡಿ ಬಂದರೂ ಅಷ್ಟರೊಳಗೆ ತಲುಪುವುದು ಅಪರೂಪ. ಆ ಹತ್ತು ನಿಮಿಷ ಪಕ್ಕದಲ್ಲಿ ನಿಂತ ಸ್ನೇಹಿತನದ್ದೇ. ಇಬ್ಬರಿಗಿಂತ ಹೆಚ್ಚು ಹೊರಗಿದ್ದರೆ ಒಬ್ಬರು 112ಕ್ಕೆ ಕರೆ ಮಾಡಲಿ. ಒಬ್ಬನೇ ಇದ್ದರೆ ಮೊದಲು ಹುಡುಕಾಟ, ಕರೆ ಆಮೇಲೆ.

ಮುಳಿಪದವು

ಎಲ್ಲರಿಗೂ ತುಂಬ ಧನ್ಯವಾದ. ಮಾಷ್ ಬರೆದದ್ದನ್ನು ಅವನಿಗೆ ಕಳಿಸಿದ್ದೇನೆ. ಬೀಕನ್ ಎರಡು ಬಾಡಿಗೆಗೆ ಮೊದಲೇ ತರಿಸಿ ಪದವಿನಲ್ಲಿ ಅಭ್ಯಾಸ ಮಾಡುವುದು ಅಂತ ಆಯ್ತು. ಬುಲೆಟಿನ್ ಓದುವುದು ಹೇಗೆ ಅಂತ ಯಾರಾದರೂ ಹೇಳಿ. ಹಿಮದಲ್ಲಿ ಗುಂಡಿ ತೋಡಿ ಪರೀಕ್ಷೆ ಮಾಡುವುದು ನಮ್ಮಂಥವರಿಗೆ ಬೇಕಾ, ಗೈಡ್‌ಗೆ ಬಿಡುವುದಾ?

ಏಣುದಾರಿ

ಬುಲೆಟಿನ್ ಕೊಡುವುದು ಚಂಡೀಗಢದ ಡಿಜಿಆರ್‌ಇ, ಅದು ರಕ್ಷಣಾ ಸಂಶೋಧನೆಯ ಡಿಆರ್‌ಡಿಒದ ಸಂಸ್ಥೆ. ಮೊದಲು ಸಾಸೆ ಅಂತಿತ್ತು. ಜಿಲ್ಲೆ, ಎತ್ತರ, ಅಪಾಯದ ಹಂತ, ಇಷ್ಟು ಇರ್ತದೆ. ಗುಲ್ಮಾರ್ಗ್‌ಗೆ ಬಾರಾಮುಲ್ಲಾ ಜಿಲ್ಲೆ ನೋಡಿ, ಫ್ರೆಂಡ್‌ಶಿಪ್‌ಗೆ ಕುಲ್ಲು. ಇಡೀ ಜಿಲ್ಲೆಗೆ ಒಂದೇ ಹಂತ ಅಂದರೆ, ನೀವು ನಿಂತ ಇಳಿಜಾರಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ರಸ್ತೆ, ಊರು, ಸೇನೆಯ ಠಾಣೆಗಳಿಗೆ ಅದು ಬಹಳ ಉಪಯೋಗ, ಸ್ಕೀ ಮಾಡುವವರಿಗೆ ಅದು ಆರಂಭ ಮಾತ್ರ.

ಯುರೋಪಿನ ಐದು ಹಂತಗಳ ಲೆಕ್ಕದಲ್ಲಿ "ಮಧ್ಯಮ" ಎರಡನೆಯದು. ಲೋಕದಲ್ಲೆಲ್ಲ ಸ್ಕೀಯವರು ಹೆಚ್ಚು ಸಾಯುವುದು ಮೂರನೆಯ ಹಂತದಲ್ಲಿ. ನಾಲ್ಕು ಐದರಲ್ಲಿ ಹೊರಡುವವರು ಕಡಿಮೆ, ಮೂರರಲ್ಲಿ ಹೊರಟವರು ಬಹಳ. ಸ್ವಿಸ್ ಗೈಡ್ ವೆರ್ನರ್ ಮುಂಟರ್ ಹಾಕಿದ ಸರಳ ಲೆಕ್ಕ ಇವತ್ತಿಗೂ ಒಳ್ಳೆಯದು: ಹಂತ 2ರಲ್ಲಿ 40 ಡಿಗ್ರಿಗಿಂತ ಕಡಿಮೆ, 3ರಲ್ಲಿ 35ಕ್ಕಿಂತ ಕಡಿಮೆ, 4ರಲ್ಲಿ 30ಕ್ಕಿಂತ ಕಡಿಮೆ. ಎರಡರಲ್ಲಿ ನಿಮ್ಮ ದಾರಿಯ ಸುತ್ತ 20 ಮೀಟರ್ ನೋಡಿದರೆ ಸಾಕು, ಮೂರರಲ್ಲಿ ಇಡೀ ಇಳಿಜಾರಿನ ಅತಿ ಕಡಿದಾದ ಭಾಗ ನೋಡಬೇಕು, ನಾಲ್ಕರಲ್ಲಿ ಕೆಳಗೆ ಹಿಮ ಬಂದು ನಿಲ್ಲುವ ಜಾಗವೂ ಸೇರುತ್ತದೆ. ಈ ಲೆಕ್ಕ ಹುಟ್ಟಿದ್ದು ಆಲ್ಪ್ಸ್‌ನ ವಿವರವಾದ ಬುಲೆಟಿನ್ ಇಟ್ಟುಕೊಂಡು. ನಮ್ಮಲ್ಲಿ ಜಿಲ್ಲೆಗೊಂದೇ ಹಂತ ಆದ್ದರಿಂದ ಬರೆದದ್ದಕ್ಕಿಂತ ಒಂದು ಹಂತ ಮೇಲೆ ಅಂತ ಲೆಕ್ಕ ಹಿಡಿಯಿರಿ. ಅಂದರೆ "ಮಧ್ಯಮ" ಕಂಡರೆ 35ರ ಒಳಗೆ.

ಬುಲೆಟಿನ್ ಏನೇ ಹೇಳಲಿ, ಕೆಲವು ಕಂಡರೆ ತಿರುಗಿ ಬನ್ನಿ, ಚರ್ಚೆ ಬೇಡ. ಅದೇ ದಿಕ್ಕಿಗೆ ಮುಖ ಮಾಡಿದ ಇಳಿಜಾರಿನಲ್ಲಿ ಹೊಸ ಕುಸಿತದ ಗುರುತು. ಸ್ಕೀ ತುದಿಯಿಂದ ಮುಂದಕ್ಕೆ ಓಡುವ ಬಿರುಕು. ಕಾಲಡಿ "ವುಂಫ್" ಅಂತ ಗಾಳಿ ಹೊರಬಂದ ಶಬ್ದ, ಅದು ದುರ್ಬಲ ಪದರ ಕುಸಿದ ಶಬ್ದವೇ. 24 ಗಂಟೆಯಲ್ಲಿ 30 ಸೆಂ.ಮೀ.ಗಿಂತ ಹೆಚ್ಚು ಹೊಸ ಹಿಮ, ಅದರ ಜೊತೆ ಗಾಳಿ ಇದ್ದರೆ ಅದಕ್ಕಿಂತ ಕಡಿಮೆಗೂ. ಗಾಳಿ ಆಕಾಶದಿಂದ ಹಿಮ ಬೀಳದಿದ್ದಾಗಲೂ ಏಣಿನ ಒಂದು ಬದಿಯ ಹಿಮವನ್ನು ಹೊತ್ತು ಇನ್ನೊಂದು ಬದಿಗೆ ಸುರಿಯುತ್ತದೆ. ಏಣಿನಿಂದ ಬಿಳಿ ಹೊಗೆ ಎದ್ದಂತೆ ಕಂಡರೆ ಆಚೆ ಬದಿಯಲ್ಲಿ ಸ್ಲ್ಯಾಬ್ ಕಟ್ಟುತ್ತಿದೆ ಅಂತ ತಿಳಿಯಿರಿ. ಅಲ್ಲಿ ಹೆಜ್ಜೆಯ ಸದ್ದು ಟೊಳ್ಳಾಗಿ ಕೇಳುತ್ತದೆ. ವೆಸ್ಟರ್ನ್ ಡಿಸ್ಟರ್ಬೆನ್ಸ್ (ಪಶ್ಚಿಮದಿಂದ ಬಂದು ಹಿಮ ಸುರಿಸುವ ಹವೆ) ಬಂದು ಹೋದ ಮರುದಿನ ನೀಲಿ ಆಕಾಶ, ಎಲ್ಲೆಲ್ಲೂ ಹೊಸ ಪುಡಿಹಿಮ. ಅತಿ ಅಪಾಯದ ದಿನ ಅದೇ. ಬೇರೆಯವರ ಸ್ಕೀ ಗುರುತು ಇದೆ ಅನ್ನುವುದು ಏನನ್ನೂ ಸಾಬೀತು ಮಾಡುವುದಿಲ್ಲ, ಹತ್ತನೆಯವನ ಅಡಿ ಕಳಚಿದ ಇಳಿಜಾರುಗಳು ಬೇಕಾದಷ್ಟು ಇವೆ.

ಗುಂಡಿ ಪರೀಕ್ಷೆಯನ್ನು ಗೈಡ್ ಮಾಡುವಾಗ ನೀವೂ ಕೈ ಹಾಕಿ. ನೀವು ಇಳಿಯಲಿರುವ ದಿಕ್ಕಿಗೇ ಮುಖ ಮಾಡಿದ, ಆದರೆ ಗಿಡ್ಡಗಿನ ಸುರಕ್ಷಿತ ಇಳಿಜಾರಿನಲ್ಲಿ ತೋಡಬೇಕು. ಗೋಡೆಯನ್ನು ಸಲಿಕೆಯಿಂದ ನುಣುಪು ಮಾಡಿ ಮೊದಲು ಪದರಗಳನ್ನು ಒತ್ತಿ ನೋಡಿ: ಮುಷ್ಟಿ ಹೋಗುತ್ತದಾ, ನಾಲ್ಕು ಬೆರಳಾ, ಒಂದು ಬೆರಳಾ, ಪೆನ್ಸಿಲಾ, ಚಾಕುವಾ. ಚಾಕು ಮಾತ್ರ ಹೋಗುವ ಗಟ್ಟಿ ಪದರದ ಕೆಳಗೆ ಥಟ್ಟನೆ ಮುಷ್ಟಿ ಹೋಗುವ ಪದರ ಸಿಕ್ಕಿದರೆ ಅಲ್ಲಿಯೇ ರೋಗ. ಆಮೇಲೆ ಅಡ್ಡಕ್ಕೆ 90 ಸೆಂ.ಮೀ., ಒಳಕ್ಕೆ 30 ಸೆಂ.ಮೀ. ಅಳೆದು, ಗಂಟು ಹಾಕಿದ ಹಗ್ಗದಿಂದ ಎರಡು ಬದಿ ಮತ್ತು ಹಿಂದೆ ಕುಯ್ದು ಕಂಬ ಬಿಡಿಸಿ. ಒಂದು ತುದಿಯಲ್ಲಿ ಸಲಿಕೆಯ ಅಲಗು ಇಟ್ಟು ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10 ಸಲ ತಟ್ಟಿ. ಬಿರುಕು ಹುಟ್ಟಿದ ತಟ್ಟಿಗೆ ಅಥವಾ ಅದರ ಮುಂದಿನ ತಟ್ಟಿಗೆ ಇನ್ನೊಂದು ತುದಿಯವರೆಗೂ ಓಡಿತು ಅಂದರೆ ಆ ದಿನ ಆ ಬಗೆಯ ಇಳಿಜಾರು ಬೇಡ. ಓಡಲಿಲ್ಲ ಅಂದರೆ? ಹೋಗಬಹುದು ಅಂತ ಅರ್ಥವಲ್ಲ. ಐವತ್ತು ಮೀಟರ್ ಆಚೆ ಪದರ ಬೇರೆಯೇ ಇರಬಹುದು. ಬೇಡ ಅನ್ನುವುದಕ್ಕೆ ಈ ಪರೀಕ್ಷೆ ಸಾಕು, ಹೋಗಿ ಅನ್ನುವುದಕ್ಕೆ ಸಾಲದು.

ಗೈಡ್‌ಗೆ ಪೂರ್ತಿ ಬಿಡುವುದು ಬೇಡ. ಆರು ಜನರಲ್ಲಿ ಯಾರೊಬ್ಬರು ಬೇಡ ಅಂದರೂ ಆ ಇಳಿಜಾರು ಬಿಡುವುದು ಅಂತ ಊರಿನಿಂದ ಹೊರಡುವ ಮೊದಲೇ ಮಾತು ಮಾಡಿಕೊಳ್ಳಿ, ಗೈಡ್‌ಗೂ ಅದನ್ನು ಹೇಳಿಬಿಡಿ. ಕೊನೆಯ ದಿನ, ಮರುದಿನ ವಿಮಾನ, ಕೊಟ್ಟ ಹಣ, ಇವು ತಲೆಯಲ್ಲಿ ತಿರುಗುವಾಗ ಬಾಯಿ ತೆರೆಯುವುದು ಕಷ್ಟ.

ಅಕ್ಕಲಕೋಟ ಚಾರಣಿಗ

ಫ್ರೆಂಡ್‌ಶಿಪ್ ಬಗ್ಗೆ ಯಾರೂ ಬರದಿಲ್ಲ, ನಾ ಹೇಳತೀನಿ ನೋಡ್ರಿ. ಮೇ ತಿಂಗಳದಾಗಿನ ಅಪಾಯ ಬ್ಯಾರೆ. ಅಲ್ಲಿ ವೈರಿ ಅಂದ್ರ ಬಿಸಿಲು. ನೀರು ಇಳದು ಪದರದ ನಡುವಿನ ಬೆಸುಗೆ ಬಿಡತದ, ಹಸಿ ಹಿಮ ನಿಧಾನ ಅನಿಸಿದ್ರೂ ತೂಕ ಭಾಳ, ಸಿಕ್ರ ಹೊರಗ ಬರೋದು ಆಗೂದಿಲ್ಲ.

ಗಡಿಯಾರ ಇಟಗೊಂಡು ನಡೀರಿ. ಲೇಡಿ ಲೆಗ್ ಕ್ಯಾಂಪಿನಿಂದ ರಾತ್ರಿ ಒಂದು-ಎರಡಕ್ಕ ಬಿಡಬೇಕು, ಬೆಳಗಿನ ಒಂಬತ್ತು-ಹತ್ತರೊಳಗ ಶಿಖರ ಮುಟ್ಟಿದ್ರೂ ಬಿಟ್ರೂ ತಿರುಗಬೇಕು. ಹೊರಡೂ ಮೊದಲ ಡೇರೆ ಹೊರಗ ಬಂದು ಹಿಮ ಒದ್ದು ನೋಡ್ರಿ. ರಾತ್ರಿ ಆಕಾಶ ತಿಳಿ ಇದ್ರ ಮ್ಯಾಲಿನ ಪದರ ಹೆಪ್ಪುಗಟ್ಟಿ ಕ್ರ್ಯಾಂಪಾನ್ (ಬೂಟಿಗೆ ಕಟ್ಟೋ ಕಬ್ಬಿಣದ ಹಲ್ಲು) ಮೊನೆ ಅಷ್ಟ ಹಿಡಿತದ. ಮೋಡ ಇದ್ರ ಹೆಪ್ಪುಗಟ್ಟೂದಿಲ್ಲ, ಥರ್ಮಾಮೀಟರ್ ಸೊನ್ನಿ ತೋರಿಸಿದ್ರೂ. ಬೂಟು ಹಿಮ್ಮಡಿಗಿಂತ ಮ್ಯಾಲೆ ಮುಳುಗಿದ್ರ ಅವತ್ತು ಹತ್ತೂದು ಬ್ಯಾಡ. ಇಳೀವಾಗ ಸಣ್ಣ ಸಣ್ಣ ಹಿಮದ ಉಂಡಿ ತಾವಾಗೇ ಉರುಳಾಕ ಶುರು ಆದ್ರ ತಡ ಆಗೇದ ಅಂತ ತಿಳಕೊಂಡು ಏಣಿನ ಕಡೆ ಸರೀರಿ.

ಕ್ಯಾಂಪ್ ಜಾಗಾನೂ ನೋಡ್ರಿ. ಡೇರೆ ಹಾಕೂ ಜಾಗದಾಗ ನಿಂತು ಮ್ಯಾಲಿನ ಹಿಮದ ಇಳಿಜಾರಿನ ತುದಿಗೆ ಫೋನಿನಿಂದ ಕೋನ ಅಳೀರಿ. 25 ಡಿಗ್ರಿಗಿಂತ ಹೆಚ್ಚು ಬಂದ್ರ ಕುಸಿತ ನಿಮ್ಮ ತನ ಬರೂ ಸಂಭವ ಅದ, ಜಾಗಾ ಬದಲ್ ಮಾಡ್ರಿ. ದೊಡ್ಡ ಕುಸಿತ 18-20ರ ತನಕಾನೂ ಹರೀತದ. ಇನ್ನ ಹಗ್ಗ: ಹಿಮಕುಸಿತದ ಇಳಿಜಾರಿನಾಗ ಎಲ್ಲಾರೂ ಒಂದ ಹಗ್ಗಕ್ಕ ಕಟಗೊಂಡ್ರ ಒಬ್ಬ ಹೋದ್ರ ಎಲ್ಲಾರನೂ ಎಳಕೊಂಡು ಹೋಗತಾನ. ಬಿರುಕು ಇರೂ ಹಿಮನದಿ ಮ್ಯಾಲೆ ಹಗ್ಗ ಬೇಕು. ಎಲ್ಲಿ ಕಟಗೋಬೇಕು, ಎಲ್ಲಿ ಬಿಚ್ಚಬೇಕು ಅಂತ ಗೈಡ್‌ಗೆ ಮೊದಲ ಕೇಳ್ರಿ. ಬೀಕನ್ ಕೊಡತೀರೇನು ಅಂತಾನೂ ಕೇಳ್ರಿ, ಪೀಕ್ ಹತ್ತಿಸೋ ಭಾಳ ಕಂಪನಿಗಳ ಸಾಮಾನಿನ ಪಟ್ಟಿದಾಗ ಅದು ಇರೂದಿಲ್ಲ. 2022ರ ಅಕ್ಟೋಬರ್ 4ಕ್ಕ ಉತ್ತರಕಾಶಿ ಕಡೆ ದ್ರೌಪದಿ ಕಾ ಡಾಂಡಾ 2 ಶಿಖರದಾಗ ಹಿಮ ಕುಸಿದು, ಪರ್ವತಾರೋಹಣ ಸಂಸ್ಥೆಯ ತಂಡದ 27 ಜನರ ದೇಹ ಆಮ್ಯಾಲೆ ಸಿಕ್ಕವು, ಅವರೊಳಗ ಅನುಭವಿ ತರಬೇತುದಾರರೂ ಇದ್ರು. ಹತ್ತೋ ತಾಕತ್ತು, ಅನುಭವ ನೋಡಿ ಇಳಿಜಾರು ಬಿಡೂದಿಲ್ಲ.

ತೋಡಿನಕರೆ

ಒಂದು ಬಿಟ್ಟುಹೋಗಿತ್ತು. ಕೇರಳದ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ನಡೆಯುವುದಿಲ್ಲ. ಕನಿಷ್ಠ ಇಬ್ಬರ ಹತ್ತಿರ, ಬೇರೆ ಬೇರೆ ಕಂಪನಿಯ ಪೋಸ್ಟ್‌ಪೇಯ್ಡ್ ಇರಲಿ. ಬೇರೆ ದೇಶದವರ ವೀಡಿಯೊ ನೋಡಿ ಉಪಗ್ರಹದ ಮೆಸೇಜ್ ಯಂತ್ರ, ಸ್ಯಾಟಲೈಟ್ ಫೋನ್ ಕೊಂಡುಕೊಳ್ಳಬೇಡಿ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ನಮ್ಮಲ್ಲಿ ಅಪರಾಧ, ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ. ಪ್ರತಿದಿನ ಎಲ್ಲಿ ಇಳಿಯುತ್ತೀರಿ, ಎಷ್ಟು ಗಂಟೆಗೆ ವಾಪಸು ಅಂತ ಹೋಟೆಲ್‌ನಲ್ಲಿ ಬರೆದಿಟ್ಟು ಹೋಗಿ. ಪದವಿನ ಅಭ್ಯಾಸಕ್ಕೆ ಒಂದು ಪ್ರೋಬ್ ನಾನು ಕೊಡಬಲ್ಲೆ, ಕುಂಬಳೆಗೆ ಬರುವಾಗ ಒಂದು ಮೆಸೇಜ್ ಹಾಕಿ.